ಅಡಿಕೆ ಹಾಳೆ, ಗೆರಟೆ, ಹಿಡಿಸೂಡಿ ಕಡ್ಡಿ: ಹಬ್ಬಕ್ಕೆ ನಾನು ಮಾಡುವ ಅಲಂಕಾರ, ಉಡುಗೊರೆ

ದೀಪಾವಳಿಗೆ ಗೂಡುದೀಪ, ಕ್ರಿಸ್‌ಮಸ್‌ಗೆ ನಕ್ಷತ್ರ, ನೆರೆಮನೆಗೆ ತಿಂಡಿ ತುಂಬಿ ಕೊಡಲು ಪುಟ್ಟ ಪೆಟ್ಟಿಗೆ. ಇವನ್ನೆಲ್ಲ ನಾನು ಹೆಚ್ಚುಕಡಿಮೆ ತೋಟದಲ್ಲಿ ಸಿಗುವ ವಸ್ತುಗಳಿಂದಲೇ ಮಾಡುತ್ತೇನೆ. ಅಂಗಡಿಯಿಂದ ತರುವುದು ಬಣ್ಣದ ಕಾಗದ, ನೂಲು, ಸ್ಯಾಂಡ್‌ಪೇಪರ್ ಮತ್ತು ಒಂದು ಸಣ್ಣ ಡಬ್ಬಿ ಫೆವಿಕಾಲ್. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಟೀಚರ್. ಒಂದೇ ಬೆಂಚಿನಲ್ಲಿ ತುಳು, ಕೊಂಕಣಿ, ಮಲಯಾಳ, ಹವ್ಯಕ ಮನೆಗಳ ಮಕ್ಕಳು ಕೂರುತ್ತಾರೆ. ಹಾಗಾಗಿ ಎಲ್ಲರ ಹಬ್ಬವೂ ನಮ್ಮ ಕ್ಲಾಸಿಗೆ ಬರುತ್ತದೆ.

ಅಕ್ಟೋಬರ್ ಬಂದ ಮೇಲೆ ಯೋಚಿಸಿದರೆ ತಡವಾಯಿತು. ನನ್ನ ಹಬ್ಬದ ಕೆಲಸ ಬೇಸಿಗೆಯಲ್ಲೇ ಶುರುವಾಗುತ್ತದೆ. ಅಡಿಕೆ ಹಾಳೆ, ಅಂದರೆ ಸೋಗೆಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿರುವ ಅಗಲದ ಭಾಗ, ವರ್ಷವಿಡೀ ಬೀಳುತ್ತದೆ ನಿಜ. ಆದರೆ ಮಳೆಗಾಲದಲ್ಲಿ ಬಿದ್ದದ್ದಕ್ಕೆ ಬೇಗ ಬೂಸ್ಟು ಹಿಡಿದು ಕಪ್ಪು ಚುಕ್ಕೆ ಏಳುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಜನವರಿಯಿಂದ ಮೇ ತನಕ ಬಿದ್ದದ್ದು ಚೊಕ್ಕವಾಗಿರುತ್ತದೆ. ಬಿದ್ದ ದಿನವೇ ಹೆಕ್ಕಿ, ಸೋಗೆ ಕಡಿದು ಬೇರೆ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಡುತ್ತೇನೆ. ಚೆನ್ನಾಗಿ ಒಣಗಿದ ಮೇಲೆ ಒಂದರ ಮೇಲೊಂದು ಪೇರಿಸಿ, ಮೇಲೆ ಭಾರ ಹೇರಿ ಅಟ್ಟದಲ್ಲಿ ಇಟ್ಟರೆ ಡಿಸೆಂಬರ್ ತನಕ ಏನೂ ಆಗುವುದಿಲ್ಲ. ಗೆರಟೆಯೂ (ತೆಂಗಿನ ಚಿಪ್ಪು) ಅಷ್ಟೇ. ಅಡುಗೆಗೆ ಕಾಯಿ ಒಡೆಯುವಾಗ ಸರಿ ಅರ್ಧಕ್ಕೆ ಒಡೆದದ್ದನ್ನು ಮಾತ್ರ ತೆಗೆದಿಡುತ್ತೇನೆ. ಉಳಿದದ್ದು ಬಚ್ಚಲು ಒಲೆಗೆ.

ಈ ವರ್ಷ ಒಂದೇ ಒಂದು ಮಾಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಗೂಡುದೀಪ. ನೋಡಲು ಕಷ್ಟದ ಕೆಲಸದ ಹಾಗೆ ಕಾಣುತ್ತದೆ. ಲೆಕ್ಕ ಗೊತ್ತಾದರೆ ಬಹಳ ಸುಲಭ. ಒಂದೇ ಅಳತೆಯ 24 ಬಿದಿರು ಕಡ್ಡಿ ಬೇಕು. 10 ಇಂಚು ಉದ್ದವಾದರೆ ಮನೆ ಜಗಲಿಗೆ ಸರಿಯಾಗುತ್ತದೆ. ನಾಲ್ಕು ನಾಲ್ಕು ಕಡ್ಡಿ ಸೇರಿಸಿ 6 ಚೌಕ ಕಟ್ಟಬೇಕು. ಒಂದು ಚೌಕವನ್ನು ನೆಲದಲ್ಲಿ ಇಡಿ. ಅದರ ನಾಲ್ಕು ಮೂಲೆಗಳಿಗೆ ಬೇರೆ ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿದ ಹಾಗೆ ಕಟ್ಟಿ. ಈ ನಾಲ್ಕರ ಪಕ್ಕದ ಮೂಲೆಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿ. ಈಗ ಮೇಲೆ ನಾಲ್ಕು ಮೂಲೆ ಉಳಿಯುತ್ತವೆ, ಅಲ್ವಾ? ಅವುಗಳ ಮೇಲೆ ಆರನೇ ಚೌಕ ಕೂರುತ್ತದೆ. ಮೂಲೆ ಸೇರಿಸುವ ಗಂಟು ಒಟ್ಟು 12 ಮಾತ್ರ.

ಕೊನೆಯ ಗಂಟು ಬಿದ್ದಾಗ ಚೌಕಗಳ ನಡುವೆ 8 ತ್ರಿಕೋನ ತಾನಾಗಿಯೇ ಕಾಣಿಸಿಕೊಳ್ಳುತ್ತವೆ. ನಮ್ಮ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಬೆರಳು ಮಡಚಿ ಎಣಿಸಿ, "ಟೀಚರ್, ನಾವು ತ್ರಿಕೋನ ಕಟ್ಲೇ ಇಲ್ಲ, ಇದು ಎಲ್ಲಿಂದ ಬಂತು?" ಎಂದು ಕೇಳಿದಳು. ಇಂಥ ಪ್ರಶ್ನೆ ಬರಲಿ ಅಂತಲೇ ನಾನು ಪ್ರತಿ ವರ್ಷ ಇದನ್ನು ಕ್ಲಾಸಿನಲ್ಲಿ ಮಾಡಿಸುವುದು. ಚೌಕ ಎಷ್ಟು, ಅಂಚು ಎಷ್ಟು, ಒಂದು ಮೂಲೆಯಲ್ಲಿ ಎಷ್ಟು ಕಡ್ಡಿ ಸೇರುತ್ತವೆ ಎಂದು ಮಕ್ಕಳು ಕೈಯಲ್ಲಿ ಹಿಡಿದೇ ಕಲಿಯುತ್ತಾರೆ.

ಗಂಟು ಹಾಕಿದ ಮೇಲೂ ಗೂಡು ಅತ್ತಿತ್ತ ಓಲಾಡುತ್ತದೆ. ಗಂಟು ಸಡಿಲ ಆಗಿದೆ ಅಂತ ಮತ್ತೆ ಮತ್ತೆ ಬಿಗಿಯುವುದು ಬೇಡ. ಚೌಕದ ಗುಣವೇ ಹಾಗೆ, ತಳ್ಳಿದ ಕಡೆಗೆ ವಾಲುತ್ತದೆ. ಆರೂ ಚೌಕಗಳಿಗೆ ಮೂಲೆಯಿಂದ ಮೂಲೆಗೆ ಒಂದೊಂದು ಸಪೂರ ಕಡ್ಡಿ ಕಟ್ಟಿ. ಆಗ ಅಲುಗಾಡದೆ ನಿಲ್ಲುತ್ತದೆ. 10 ಇಂಚಿನ ಚೌಕಕ್ಕೆ ಈ ಅಡ್ಡಕಡ್ಡಿ 14 ಇಂಚಿಗಿಂತ ತುಸು ಜಾಸ್ತಿ ಬೇಕು. ಮೇಲಿನ ಚೌಕದ ಅಡ್ಡಕಡ್ಡಿಗೆ ಬಲ್ಬಿನ ಹೋಲ್ಡರ್ ಕಟ್ಟಬಹುದು.

ಕಾಗದ ಅಂಟಿಸುವುದು ಪಕ್ಕದ 4 ಚೌಕಕ್ಕೆ ಮತ್ತು 8 ತ್ರಿಕೋನಕ್ಕೆ. ಮೇಲೆ, ಕೆಳಗೆ ತೆರೆದೇ ಇರಲಿ. ಗಾಳಿಪಟದ ತೆಳು ಕಾಗದವೇ ನನಗೆ ಇಷ್ಟ. ಗ್ಲಾಸ್ ಪೇಪರ್ ಹೊಳೆಯುತ್ತದೆ ನಿಜ, ಆದರೆ ಬಲ್ಬ್ ಕಣ್ಣಿಗೆ ಹೊಡೆಯುತ್ತದೆ. ತೆಳು ಕಾಗದದಲ್ಲಿ ಬೆಳಕು ಇಡೀ ಗೂಡಿಗೆ ಹರಡುತ್ತದೆ. ಹಳದಿ, ಕೆಂಪು, ಕಿತ್ತಳೆ ರಾತ್ರಿ ಚೆನ್ನಾಗಿ ಎದ್ದು ಕಾಣುತ್ತವೆ. ಕಡು ನೀಲಿ, ಕಡು ಹಸಿರು ಬೆಳಕನ್ನು ನುಂಗುತ್ತವೆ. ಅವನ್ನು ತ್ರಿಕೋನಕ್ಕೆ ಮಾತ್ರ ಹಾಕುತ್ತೇನೆ. ಕಾಗದ ಕತ್ತರಿಸುವಾಗ ಸುತ್ತಲೂ ಅರ್ಧ ಇಂಚು ಬಿಟ್ಟು ಕತ್ತರಿಸಿ, ಆ ಅಂಚನ್ನು ಕಡ್ಡಿಗೆ ಸುತ್ತಿ ಅಂಟಿಸಬೇಕು. ಒಳಗೆ ಎಲ್‌ಇಡಿ ಬಲ್ಬೇ ಇರಲಿ. ಹಳೆಯ ತಂತಿ ಬಲ್ಬು ಬಿಸಿಯಾಗಿ ಕಾಗದ ಕರಟುತ್ತದೆ. ತುಲಾ ತಿಂಗಳಲ್ಲಿ (ಅಕ್ಟೋಬರ್–ನವೆಂಬರ್) ನಮ್ಮಲ್ಲಿ ಸಂಜೆ ಗುಡುಗು ಮಳೆ ಇದ್ದದ್ದೇ. ಆದ್ದರಿಂದ ಅಂಗಳದ ಕಂಬಕ್ಕಿಂತ ಮಾಡಿನ (ಸೂರಿನ) ಕೆಳಗೆ, ಇರಚಲು ಬಡಿಯದ ಜಾಗ ನೋಡಿ ತೂಗಿಸುವುದು ಒಳ್ಳೆಯದು.

ಅಂಟು ಮನೆಯಲ್ಲೇ ಆಗುತ್ತದೆ. ಎರಡು ದೊಡ್ಡ ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಒಂದು ಲೋಟ ಕುದಿಯುವ ನೀರಿಗೆ ಹೊಯ್ದು, ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಪಾರದರ್ಶಕ ಆಗುವ ತನಕ ಕೈಯಾಡಿಸಬೇಕು. ಒಂದೆರಡು ದಿನಕ್ಕೆ ಸಾಕು, ಆಮೇಲೆ ಹುಳಿ ವಾಸನೆ ಬರುತ್ತದೆ. ಹಿಂದಿನವರು ಇದಕ್ಕೆ ಒಂದು ಚಿಟಿಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು. ಹಾಳಾಗುವುದಿಲ್ಲ, ಜಿರಲೆ ತಿನ್ನುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಬಿಡುವ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಆದರೆ ಅದು ವಿಷ. ಮಕ್ಕಳು ಕೈ ಹಾಕುವ ಅಂಟಿಗೆ ನಾನು ಯಾವತ್ತೂ ಹಾಕುವುದಿಲ್ಲ. ದೊಡ್ಡವರು ತಮ್ಮ ಕೆಲಸಕ್ಕೆ ಹಾಕುವುದಾದರೂ ಅಡುಗೆ ಪಾತ್ರೆ ಬೇಡ, ಕಬ್ಬಿಣದ ಪಾತ್ರೆಯಂತೂ ಬೇಡವೇ ಬೇಡ. ಅದರಲ್ಲಿರುವ ತಾಮ್ರ ಕಬ್ಬಿಣಕ್ಕೆ ಹತ್ತಿಕೊಳ್ಳುತ್ತದೆ.

ಬಿದಿರು ಸೀಳಲು ಯಾರೂ ಇಲ್ಲದಿದ್ದರೆ ಹಿಡಿಸೂಡಿ ಕಡ್ಡಿ, ಅಂದರೆ ತೆಂಗಿನ ಗರಿಯ ಪೊರಕೆ ಕಡ್ಡಿ ಸಾಕು. ಬುಡದ ದಪ್ಪ ಭಾಗದಿಂದ 4 ಇಂಚಿನ ತುಂಡು ಮಾಡಿ, ಇದೇ ಲೆಕ್ಕದಲ್ಲಿ ಅಂಗೈ ಮೇಲೆ ಇಡುವಷ್ಟು ಪುಟ್ಟ ಗೂಡು ಕಟ್ಟಬಹುದು. ಸಾಲಾಗಿ ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿದರೆ ತೋರಣ. ಕ್ರಿಸ್‌ಮಸ್ ಗಿಡಕ್ಕೂ ಒಪ್ಪುತ್ತದೆ. ಹಸಿ ಮಡಲಿನ (ತೆಂಗಿನ ಗರಿಯ) ಕಡ್ಡಿ ಬಾಗುತ್ತದೆ, ಆದ್ದರಿಂದ ಒಣಗಿದ್ದನ್ನೇ ತೆಗೆದುಕೊಳ್ಳಿ.

ನಕ್ಷತ್ರ ಇದಕ್ಕಿಂತಲೂ ಬೇಗ ಆಗುತ್ತದೆ. 5 ಕಡ್ಡಿಗಳನ್ನು ಒಂದರ ಮೇಲೆ ಒಂದರ ಕೆಳಗೆ ದಾಟಿಸಿ, ತುದಿಗಳನ್ನು ಕಟ್ಟಿದರೆ ಒಂದು ಚಪ್ಪಟೆ ನಕ್ಷತ್ರ. ಅದೇ ಅಳತೆಯಲ್ಲಿ ಇನ್ನೊಂದು ಮಾಡಿ. ಎರಡನ್ನೂ ಜೋಡಿಸಿ ಐದು ತುದಿಗಳನ್ನು ಸೇರಿಸಿ ಕಟ್ಟಿ. ಮಧ್ಯದಲ್ಲಿ ಕಡ್ಡಿ ಕಡ್ಡಿ ದಾಟುವ ಐದು ಜಾಗಗಳಲ್ಲಿ ಎರಡೂ ನಕ್ಷತ್ರಗಳ ನಡುವೆ ಗಿಡ್ಡ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಗಿಡ್ಡ ಕಡ್ಡಿ ಉದ್ದದ ಕಡ್ಡಿಯ ಕಾಲು ಭಾಗ ಇದ್ದರೆ ಚೆಂದ. ಒಟ್ಟು 15 ಕಡ್ಡಿ. ಹಿಂದಿನ ಕಡೆ ಒಂದು ಭಾಗಕ್ಕೆ ಕಾಗದ ಹಾಕದೆ ಬಿಡಿ, ಬಲ್ಬ್ ಒಳಗೆ ಹೋಗಬೇಕಲ್ಲ.

ಬೇಳ ಇಗರ್ಜಿಯ ಕಡೆ ಹೋದರೆ ಡಿಸೆಂಬರಿನಲ್ಲಿ ಮನೆಮನೆಯಲ್ಲೂ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ ಕಾಣಬಹುದು. ಇಟಲಿಯ ಗ್ರೆಚೊ ಎಂಬ ಊರಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ಮೊದಲು ಹೀಗೆ ಗೋದಲಿಯ ದೃಶ್ಯ ಮಾಡಿಸಿದರು ಎಂದು ಹೇಳುತ್ತಾರೆ. ನಮ್ಮಲ್ಲಿ ಅದು ಮುಳಿಹುಲ್ಲಿನ ಮಾಡು ಹೊದ್ದು ಕೂರುತ್ತದೆ. ಕೆಲವು ವರ್ಷಗಳ ಹಿಂದೆ ಎಲ್ಲರೂ ಥರ್ಮಾಕೋಲ್ ತರುತ್ತಿದ್ದರು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲಿಗೆ ದೇಶವಿಡೀ ನಿಷೇಧ ಬಂತು. ನನಗಂತೂ ಬಹಳ ಖುಷಿಯಾಯಿತು. ಹಬ್ಬ ಮುಗಿದ ಮೇಲೆ ತೋಡಿನಲ್ಲಿ ಅದರ ಬಿಳಿ ಕಾಳು ತೇಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಹಾಳೆಯಲ್ಲಿ ಗೋಡೆ, ಮುಳಿಹುಲ್ಲಲ್ಲಿ ಮಾಡು ಮಾಡಿದರೆ ಆಮೇಲೆ ತೆಂಗಿನ ಬುಡಕ್ಕೆ ಹಾಕಬಹುದು. ಹುಲ್ಲುಗಾವಲಿಗೆ ಪಕ್ಕದ ಮನೆಯ ಬಾಯಮ್ಮ ಮಾಡುವ ಉಪಾಯ ನನಗೆ ಬಹಳ ಹಿಡಿಸಿತು. ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗ ಗೆರಟೆಗೆ ಮಣ್ಣು ತುಂಬಿ, ನೆನೆಸಿದ ರಾಗಿಯನ್ನು ಒತ್ತಾಗಿ ಉದುರಿಸುತ್ತಾರೆ. ದಿನಾ ನೀರು ಚಿಮುಕಿಸಿದರೆ 24ಕ್ಕೆ ಹಸಿರು ಹಾಸು ಸಿದ್ಧ. ಭತ್ತವಾದರೆ ಇನ್ನೂ ಸ್ವಲ್ಪ ಮೊದಲೇ ಹಾಕಬೇಕು.

ಬಾಯಮ್ಮನ ಮನೆಯಿಂದ ಪ್ರತಿ ಕ್ರಿಸ್‌ಮಸ್‌ಗೆ ನಮಗೆ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಬರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ. ದೀಪಾವಳಿಗೆ ನಮ್ಮ ಮನೆಯಿಂದ ಅಲ್ಲಿಗೆ ತಿಂಡಿ ಹೋಗುತ್ತದೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕೊಡಲು ಮನಸ್ಸಾಗದೆ ಹಾಳೆ ಪೆಟ್ಟಿಗೆ ಮಾಡಲು ಶುರು ಮಾಡಿದೆ. "ತಿಂಡಿ ಮುಗಿದರೂ ಪೆಟ್ಟಿಗೆ ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ ಟೀಚರೇ, ಸೂಜಿನೂಲು ಹಾಕಿ ಇಟ್ಟಿದ್ದೇನೆ" ಎಂದರು ಬಾಯಮ್ಮ.

ಒಣಗಿದ ಹಾಳೆಯನ್ನು 15–20 ನಿಮಿಷ ನೀರಲ್ಲಿ ಮುಳುಗಿಸಿಟ್ಟರೆ ಬಟ್ಟೆಯಷ್ಟಲ್ಲದಿದ್ದರೂ ಚರ್ಮದಷ್ಟು ಮೆದುವಾಗುತ್ತದೆ. ನೀರು ಬಿಸಿಯಿದ್ದರೆ ಇನ್ನೂ ಒಳ್ಳೆಯದು. ಜಾಸ್ತಿ ಹೊತ್ತು ಬಿಟ್ಟರೆ ಲೋಳೆ ಬರುತ್ತದೆ. ಒರೆಸಿ, 11 ಇಂಚು ಉದ್ದ, 9 ಇಂಚು ಅಗಲ ಕತ್ತರಿಸಿ. ನಾಲ್ಕೂ ಬದಿಯಿಂದ 2 ಇಂಚು ಒಳಗೆ ಗೆರೆ ಎಳೆಯಿರಿ. ಚಮಚದ ಹಿಡಿಯಿಂದ ಗೆರೆಯನ್ನು ಗಟ್ಟಿಯಾಗಿ ಒತ್ತಿ. ಪ್ರತಿ ಮೂಲೆಯಲ್ಲಿ ಒಂದು ಗೆರೆಯ ಮೇಲೆ ಮಾತ್ರ 2 ಇಂಚು ಕತ್ತರಿ ಹಾಕಿ. ಬದಿಗಳನ್ನು ಎತ್ತಿ, ಮೂಲೆಯ ತುಂಡನ್ನು ಪಕ್ಕಕ್ಕೆ ಮಡಚಿ, ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿ. ನಯವಾದ ಬದಿ ಒಳಗೆ ಬರಲಿ. ನಾರಿಗೆ ಅಡ್ಡವಾಗಿ ಮಡಚುವಾಗ ಹಾಳೆ ಹಠ ಮಾಡುತ್ತದೆ. ಅಲ್ಲಿ ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಬಿಸಿನೀರಿನ ಬಟ್ಟೆಯನ್ನು ಆ ಗೆರೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು ಮೆಲ್ಲನೆ ಮಡಚಿ.

ಕ್ಲಿಪ್ ಸಮೇತ ನೆರಳಲ್ಲಿ ಒಣಗಬೇಕು. ಬಿಸಿಲಲ್ಲಿ ಇಟ್ಟರೆ ಸೊಟ್ಟಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ದಬ್ಬಣದಿಂದ ಮೂಲೆಗೆ ಎರಡೆರಡು ತೂತು ಮಾಡಿ ಕೆಂಪು ನೂಲಲ್ಲಿ ಹೊಲಿಯುತ್ತೇನೆ. ಅಂಟು ಬೇಕಾಗುವುದೇ ಇಲ್ಲ. ಮುಚ್ಚಳಕ್ಕೆ ಒಂಬತ್ತೂವರೆ ಇಂಚಿಗೆ ಏಳೂವರೆ ಇಂಚಿನ ತುಂಡು ತೆಗೆದು, ಒಂದು ಇಂಚು ಮಾತ್ರ ಮಡಚಿದರೆ ಸರಿಯಾಗಿ ಕೂರುತ್ತದೆ. ಮೇಲೆ ಬಣ್ಣ ಬಳಿಯುವುದು ನನಗೆ ಅಷ್ಟು ಇಷ್ಟವಿಲ್ಲ. ಹಾಳೆಯ ಗೆರೆಗಳೇ ಚೆಂದ. ಬೇಕೇ ಬೇಕು ಅನ್ನಿಸಿದರೆ ಸುಣ್ಣಕ್ಕೆ ತುಸು ಫೆವಿಕಾಲ್ ಬೆರೆಸಿ, ಹಿಡಿಸೂಡಿ ಕಡ್ಡಿಯ ತುದಿಯಿಂದ ರಂಗೋಲಿ ಚುಕ್ಕೆ ಇಡಬಹುದು. ತಿಂಡಿ ತುಂಬುವಾಗ ಒಳಗೆ ಬಾಳೆಲೆ ಹಾಸಬೇಡಿ, ಅದರ ಪಸೆಗೆ ಚಕ್ಕುಲಿ ಮೆತ್ತಗಾಗುತ್ತದೆ. ಬೆಣ್ಣೆ ಕಾಗದ ಒಳ್ಳೆಯದು.

ಗೆರಟೆಯ ಕೆಲಸದಲ್ಲಿ ತಾಳ್ಮೆ ಒಂದೇ ಖರ್ಚು. ನಾರನ್ನು ಕತ್ತಿಯಿಂದ ಕೆರೆದು, 80 ನಂಬರಿನ ಸ್ಯಾಂಡ್‌ಪೇಪರ್, ಆಮೇಲೆ 120, ಕೊನೆಗೆ 220ರಲ್ಲಿ ಉಜ್ಜಿ, ತೆಂಗಿನೆಣ್ಣೆ ಸವರಿದರೆ ಕಪ್ಪು ಮರದ ಹಾಗೆ ಹೊಳೆಯುತ್ತದೆ. ಮೂರು ಕಣ್ಣುಗಳಲ್ಲಿ ಒಂದು ಮೆದು ಇರುತ್ತದೆ. ಅಲ್ಲಿ ಮೊಳೆಯಿಂದ ಸುಲಭವಾಗಿ ತೂತು ಮಾಡಿ ತೂಗುಬಟ್ಟಲು ಮಾಡಬಹುದು. ಗೆರಟೆಯಲ್ಲೇ ಎಣ್ಣೆ ಹೊಯ್ದು ಬತ್ತಿ ಹಚ್ಚುವವರಿದ್ದಾರೆ. ಬೇಡ, ಗೆರಟೆ ಚೆನ್ನಾಗಿ ಉರಿಯುವ ವಸ್ತು. ಒಳಗೆ ಮಣ್ಣಿನ ಹಣತೆ ಇಟ್ಟು ಹಚ್ಚಿ.

ಅಲಂಕಾರಕ್ಕೆ ಕೆಂಪು ಬೀಜ ಅಂಟಿಸುವವರು ಒಂದು ವಿಷಯ ಗಮನಿಸಬೇಕು. ಪೂರ್ತಿ ಕೆಂಪಾಗಿರುವ ಮಂಜಾಡಿ ಕಾಳು ಸಾಕಷ್ಟು ಸಿಗುತ್ತದೆ, ಅದನ್ನೇ ಬಳಸಿ. ಕಪ್ಪು ಬೊಟ್ಟು ಇರುವ ಗುಲಗಂಜಿ ನೋಡಲು ಇನ್ನೂ ಚೆಂದ, ಆದರೆ ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಸೂಜಿಯಿಂದ ಚುಚ್ಚಿ ಪೋಣಿಸುವುದೂ ಒಳ್ಳೆಯದಲ್ಲ. ಸಣ್ಣ ಮಕ್ಕಳಿರುವ ಮನೆಗೆ ಕೊಡುವ ಉಡುಗೊರೆಗೆ ನಾನು ಯಾವ ಬೀಜವನ್ನೂ ಹಾಕುವುದಿಲ್ಲ.

ಹಬ್ಬ ಕಳೆದ ಮೇಲೆ ಗೂಡುದೀಪದ ಕಾಗದ ಮಾತ್ರ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯಿರಿ. ಮೈದಾ ಅಂಟು ನೀರಿಗೆ ಸಲೀಸಾಗಿ ಬಿಡುತ್ತದೆ. ಚೌಕಟ್ಟು ಮುಂದಿನ ವರ್ಷಕ್ಕೂ ಆಗುತ್ತದೆ. ಬಿದಿರಿಗೆ ಕುಟ್ಟೆ (ಕೊರೆಯುವ ಹುಳ) ಹಿಡಿಯದಿರಲು ಕಡ್ಡಿ ಸೀಳಿದ ಕೂಡಲೇ ಕೆಲವು ದಿನ ನೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಇದ್ದು, ಆಮೇಲೆ ಒಣಗಿಸಬೇಕು. ಕುಟ್ಟೆಗೆ ಬೇಕಾದ ಪಿಷ್ಟ ನೀರಿಗೆ ಬಿಟ್ಟು ಹೋಗುತ್ತದೆ. ಕಟ್ಟಿಗೆ ಒಲೆಯ ಹೊಗೆ ತಾಗುವ ಅಟ್ಟ ಇದ್ದರೆ ಚೌಕಟ್ಟನ್ನು ಅಲ್ಲೇ ತೂಗುಹಾಕಿ.