ಟೊಮೆಟೊ ಬಿತ್ತು ಮನೆಯಲ್ಲೇ ತೆಗೆಯೋಣ, ನಾಲ್ಕು ಮನೆಗೆ ಹಂಚೋಣ

ಕಾಸರಗೋಡಿನ ಮನೆಗಳಿಗೆ ಬಿತ್ತು ಕಟ್ಟಿಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೌತೆಯ ಬಿತ್ತನ್ನು ಸೆಗಣಿಗೆ ಒತ್ತಿ ಗೋಡೆಗೆ ಅಂಟಿಸುವುದು, ಅಲಸಂಡೆಯ ಒಣ ಕೋಡುಗಳನ್ನು ಒಲೆಯ ಮೇಲೆ ಹೊಗೆ ತಾಗುವಲ್ಲಿ ತೂಗುಹಾಕುವುದು, ಹೀರೆಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಹಾಗೇ ಎತ್ತಿಡುವುದು ಹಲವು ಮನೆಗಳಲ್ಲಿ ಈಗಲೂ ಇದೆ. ಭತ್ತದಲ್ಲಂತೂ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಆದರೆ ಟೊಮೆಟೊ ನೆಡುವಾಗ ಮಾತ್ರ ಪ್ರತಿ ವರ್ಷವೂ ಅಂಗಡಿಯ ಪ್ಯಾಕೆಟೇ ಗತಿ. ಅದರ ಬಿತ್ತು ಹಣ್ಣಿನೊಳಗೆ ಲೋಳೆಯಲ್ಲಿ ಮುಳುಗಿರುವುದರಿಂದ ಹೊಗೆಗೋ ಬೂದಿಗೋ ಹಾಗೆಯೇ ಒಗ್ಗುವುದಿಲ್ಲ, ಅಷ್ಟೇ. ಕೆಲಸ ತಿಳಿದರೆ ಒಂದು ವಾರದ ವಿಷಯ.

ಪ್ಯಾಕೆಟಿಗೆ ದುಡ್ಡು ಹೆಚ್ಚೇನೂ ಇಲ್ಲವಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ನಮ್ಮ ಮುರಕಲ್ಲಿನ ಹುಳಿ ಮಣ್ಣಿನಲ್ಲಿ ಟೊಮೆಟೊದ ದೊಡ್ಡ ಶತ್ರು ದುಂಡಾಣು ಸೊರಗು ರೋಗ. ನಿನ್ನೆ ಸಂಜೆ ಚೆನ್ನಾಗಿದ್ದ ಗಿಡ ಇವತ್ತು ಮಧ್ಯಾಹ್ನ ಹಸಿರಾಗಿಯೇ ಬಾಡಿ ನಿಂತಿರುತ್ತದೆ, ನೀರು ಹಾಕಿದರೂ ಏಳುವುದಿಲ್ಲ. ಎಲ್ಲೋ ಬಯಲುಸೀಮೆಯ ಹೊಲಕ್ಕೆಂದು ಮಾಡಿದ ತಳಿಗೆ ಇಲ್ಲಿಯ ಮಣ್ಣಿನ ಈ ಕಾಟ ಗೊತ್ತಿರಬೇಕೆಂದಿಲ್ಲ. ನಿಮ್ಮದೇ ಹಿತ್ತಿಲಲ್ಲಿ ಸೊರಗದೆ ನಿಂತು ಕಾಯಿ ಬಿಟ್ಟ ಗಿಡದ ಬಿತ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಉಳಿಸಬೇಕಾದದ್ದು ಅದನ್ನು.

ಯಾವ ತಳಿಯಿಂದ ತೆಗೆಯಬಹುದು

ಪ್ಯಾಕೆಟಿನ ಮೇಲೆ ‘ಎಫ್-1’ ಅಥವಾ ‘ಹೈಬ್ರಿಡ್’ ಎಂದಿದ್ದರೆ ಅದರ ಹಣ್ಣಿನ ಬಿತ್ತು ಮೊಳೆಯುತ್ತದೆ, ಕಾಯಿಯೂ ಬಿಡುತ್ತದೆ, ಆದರೆ ಗಿಡಗಳು ಒಂದೊಂದೂ ಒಂದೊಂದು ಥರ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಒಳ್ಳೆಯ ತಳಿಗಳೇ, ಆದರೆ ಎರಡೂ ಹೈಬ್ರಿಡ್. ಪೇಟೆಯಲ್ಲಿ ಕೊಳ್ಳುವ ಗಟ್ಟಿ ಸಿಪ್ಪೆಯ ಟೊಮೆಟೊ ಕೂಡ ಹೆಚ್ಚಾಗಿ ಹೈಬ್ರಿಡ್ಡೇ.

ಬಿತ್ತು ತೆಗೆಯಲು ಬೇಕಾದದ್ದು ತಲೆಮಾರಿನಿಂದ ತಲೆಮಾರಿಗೆ ಗುಣ ಬದಲಾಗದ ತಳಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಅಂಥವು, ಮೂರಕ್ಕೂ ಸೊರಗು ರೋಗ ತಡೆಯುವ ಶಕ್ತಿಯಿದೆ. ಬೆಂಗಳೂರಿನದೇ ಅರ್ಕಾ ಆಭಾ, ಅರ್ಕಾ ಆಲೋಕ್ ಕೂಡ ಹಾಗೆಯೇ. ಹೊಸದಾಗಿ ಆರಂಭಿಸುವವರು ಇವುಗಳಲ್ಲಿ ಒಂದನ್ನು ಹಿಡಿಯುವುದು ಒಳ್ಳೆಯದು. ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ, ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆವರಣದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಇಲ್ಲವೇ ಪಿಲಿಕ್ಕೋಡಿನ ಸಂಶೋಧನಾ ಕೇಂದ್ರದಲ್ಲಿ ತಳಿಯ ಹೆಸರು ಹೇಳಿಯೇ ಕೇಳಿ. ಗೊಬ್ಬರಗುಂಡಿಯ ಬದಿಯಲ್ಲಿ ತಾನಾಗಿ ಹುಟ್ಟಿ ವರ್ಷ ವರ್ಷವೂ ಒಂದೇ ರೀತಿಯ ಸಣ್ಣ ಹಣ್ಣು ಕೊಡುವ ಗಿಡ ನಿಮ್ಮಲ್ಲಿದ್ದರೆ ಅದು ಇವೆಲ್ಲಕ್ಕಿಂತ ಮೇಲು. ಅದು ಈ ಮಣ್ಣಿನ ಪರೀಕ್ಷೆಯಲ್ಲಿ ಆಗಲೇ ತೇರ್ಗಡೆಯಾಗಿದೆ.

ಹೈಬ್ರಿಡ್ ಒಂದರ ಮೇಲೆ ಮನಸ್ಸು ನಿಂತಿದ್ದರೆ ಅದಕ್ಕೂ ದಾರಿಯಿದೆ. ಪ್ರತಿ ಬೆಳೆಯಲ್ಲೂ ನಿಮಗೆ ಬೇಕಾದ ಗುಣದ ಗಿಡವನ್ನೇ ಆರಿಸಿ ಬಿತ್ತು ತೆಗೆಯುತ್ತಾ ಹೋದರೆ ಒಳಗಿನ ಬೆರಕೆ ತಲೆಮಾರಿಗೆ ಅರ್ಧದಷ್ಟು ಇಳಿಯುತ್ತದೆ. ಆರೇಳು ತಲೆಮಾರಿಗೆ ಅದು ನಿಮ್ಮ ಮನೆಯ ತಳಿಯೇ ಆಗುತ್ತದೆ. ತಾಳ್ಮೆ ಇರುವವರಿಗೆ ಹೇಳಿದ ಕೆಲಸ.

ಒಂದು ಎಚ್ಚರ: ಬದನೆಯ ಬೇರಿಗೆ ಕಸಿ ಕಟ್ಟಿದ ಟೊಮೆಟೊ ಸಸಿಗಳು ಈಗ ನರ್ಸರಿಗಳಲ್ಲಿ ಸಿಗುತ್ತವೆ. ಅವು ಸೊರಗದೆ ನಿಲ್ಲುವುದು ಬೇರಿನ ಬಲದಿಂದ. ಆ ಬಲ ಬಿತ್ತಿಗೆ ಬರುವುದಿಲ್ಲ. ಕಸಿ ಗಿಡದ ಬಿತ್ತನ್ನು ‘ರೋಗ ಬಾರದ ತಳಿ’ ಎಂದು ಯಾರಿಗೂ ಕೊಡಬೇಡಿ.

ಹಣ್ಣನ್ನಲ್ಲ, ಗಿಡವನ್ನು ಆರಿಸಿ

ಬುಟ್ಟಿಯಲ್ಲಿ ದಪ್ಪಗಿರುವ ಹಣ್ಣು ನೋಡಿ ಅದನ್ನೇ ಬಿತ್ತಿಗೆ ಎತ್ತಿಡುವುದು ಎಲ್ಲರಿಗೂ ಬರುವ ಯೋಚನೆ. ಆದರೆ ಆ ಹಣ್ಣು ಬಂದ ಗಿಡ ಎಂಥದ್ದು? ಒಂದೇ ದಪ್ಪ ಹಣ್ಣು ಬಿಟ್ಟು ಎಲೆ ಮುದುಡಿ ಕುಳಿತ ಗಿಡದ್ದೋ, ಕೊನೆಯವರೆಗೂ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟ ಗಿಡದ್ದೋ? ಬಿತ್ತಿನಲ್ಲಿ ಇರುವುದು ಇಡೀ ಗಿಡದ ಗುಣ. ಹೂ ಬರುವ ಹೊತ್ತಿನಿಂದಲೇ ಗಿಡಗಳನ್ನು ನೋಡುತ್ತಾ ಇರಿ. ಅಕ್ಕಪಕ್ಕದವು ಸೊರಗಿದರೂ ನಿಂತದ್ದು, ಬಿಳಿ ನೊಣ ಹರಡುವ ಎಲೆ ಮುದುರು ರೋಗ ತಾಗದ್ದು, ಮಳೆ ಬಿದ್ದ ಮೇಲೂ ಹಣ್ಣು ಸೀಳದ್ದು, ಸಾರಿಗೆ ಹಾಕಿದರೆ ನಿಮ್ಮ ಮನೆಯವರಿಗೆ ರುಚಿಸಿದ್ದು. ಅಂಥ ಗಿಡಕ್ಕೆ ಕೆಂಪು ದಾರ ಕಟ್ಟಿ. ಮನೆಯಲ್ಲಿ ಎಲ್ಲರಿಗೂ ಹೇಳಿಡಿ, ಇಲ್ಲದಿದ್ದರೆ ಹಣ್ಣು ಒಂದು ದಿನ ಚಟ್ನಿಯಾಗುತ್ತದೆ.

ಒಂದೇ ಗಿಡದಿಂದ ತೆಗೆದರೂ ಟೊಮೆಟೊಗೆ ತೊಂದರೆಯಿಲ್ಲ. ಜಾಗವಿದ್ದರೆ ನಾಲ್ಕೈದು ಗಿಡಗಳಿಂದ ತೆಗೆದು ಬೆರೆಸಿ, ತಳಿಗೆ ಬಲ ಹೆಚ್ಚು.

ಬಾಡಿದ ಗಿಡಕ್ಕೆ ಬಂದದ್ದು ದುಂಡಾಣು ಸೊರಗು ರೋಗವೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಬುಡದ ಹತ್ತಿರ ಕಾಂಡ ಕತ್ತರಿಸಿ, ತುಂಡಿನ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಬಿಳಿ ಎಳೆ ನೀರಿಗಿಳಿದರೆ ಅದೇ. ಅಂಥ ಗಿಡವನ್ನು ಬೇರಿನ ಮಣ್ಣು ಸಮೇತ ಕಿತ್ತು ಸುಟ್ಟುಬಿಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಅದರ ಹಣ್ಣು ಬಿತ್ತಿಗೆ ಬೇಡ.

ಟೊಮೆಟೊ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಹಾಗಾಗಿ ಟೆರೇಸಿನಲ್ಲಿ ಎರಡು ತಳಿಗಳ ನಡುವೆ ಮೂರು ಮೀಟರ್ ಅಂತರವಿದ್ದರೆ ಮನೆಯ ಮಟ್ಟಿಗೆ ಸಾಕು. ಪ್ರಮಾಣಿತ ಬೀಜೋತ್ಪಾದನೆಗೆ ನಿಯಮ ಹೇಳುವುದು 25 ಮೀಟರ್, ಅದು ಮಾರುವವರಿಗೆ. ಅಂತರ ಇಡಲಾಗದಿದ್ದರೆ ಒಂದು ಗೊಂಚಲಿನ ಮೊಗ್ಗುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಬೆಳಿಗ್ಗೆ ಒಮ್ಮೆ ಬೆರಳಿನಿಂದ ತಟ್ಟಿ, ಕಾಯಿ ಮೂಡಿದ ಮೇಲೆ ಚೀಲ ಬಿಚ್ಚಿ ದಾರ ಕಟ್ಟಿ. ಆಲೂಗಡ್ಡೆಯಂಥ ಅಗಲ ಎಲೆಯ ತಳಿಗಳಿಗೂ ತೀರಾ ಸಣ್ಣ ಹಣ್ಣಿನವಕ್ಕೂ ಇದು ಬೇಕೇ ಬೇಕು, ಏಕೆಂದರೆ ಅವುಗಳಲ್ಲಿ ಹೂವಿನ ಶಲಾಕೆ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗ, ಹೊರಗೆ ಚಾಚಿರುತ್ತದೆ, ಜೇನುನೊಣ ಬೆರಕೆ ಮಾಡಿಬಿಡುತ್ತದೆ.

ಕಾಲವೂ ಮುಖ್ಯ. ನಮ್ಮಲ್ಲಿ ಸೆಪ್ಟೆಂಬರ್ ಕೊನೆಯಿಂದ ಬಿತ್ತಿ, ಅಕ್ಟೋಬರಿನ ಗುಡುಗು ಮಳೆ ಕಡಿಮೆಯಾಗುವಾಗ ನೆಟ್ಟರೆ ಜನವರಿ, ಫೆಬ್ರವರಿಯಲ್ಲಿ ಬಿತ್ತಿಗೆ ಹಣ್ಣು ಸಿಗುತ್ತದೆ. ತಡಮಾಡಿದರೆ ಮಾರ್ಚಿನ ಸೆಕೆಗೆ ಹೂವು ಉದುರುತ್ತದೆ. ಎರಡನೆಯ, ಮೂರನೆಯ ಗೊಂಚಲಿನ ಹಣ್ಣನ್ನು ಗಿಡದಲ್ಲೇ ಪೂರ್ತಿ ಕೆಂಪಾಗಿ ಮೆತ್ತಗಾಗುವವರೆಗೆ ಬಿಡಿ.

ಲೋಳೆ ಬಿಡಿಸುವುದು

ಹಣ್ಣನ್ನು ಅಡ್ಡಕ್ಕೆ ಕತ್ತರಿಸಿ, ಬಿತ್ತನ್ನು ರಸದ ಸಮೇತ ಗಾಜಿನ ಅಥವಾ ಪ್ಲಾಸ್ಟಿಕ್ ಲೋಟಕ್ಕೆ ಹಿಂಡಿ. ಉಳಿದ ತಿರುಳು ಅಡುಗೆಗೆ. ರಸ ತೀರಾ ಕಡಿಮೆಯಿದ್ದರೆ ಮಾತ್ರ ಒಂದೆರಡು ಚಮಚ ನೀರು. ಹೆಚ್ಚು ನೀರು ಸೇರಿದರೆ ಬಿತ್ತು ಲೋಟದಲ್ಲೇ ಮೊಳಕೆಯೊಡೆಯುತ್ತದೆ. ಬಾಯಿಗೆ ಬಟ್ಟೆ ಕಟ್ಟಿ, ತಳಿಯ ಹೆಸರು ಬರೆದು ಅಂಟಿಸಿ, ಅಡುಗೆಮನೆಯಿಂದ ಹೊರಗೆ ನೆರಳಿನಲ್ಲಿಡಿ. ವಾಸನೆ ಜೋರು.

ಲೋಳೆಯಲ್ಲಿ ಬಿತ್ತು ಹಣ್ಣಿನೊಳಗೇ ಮೊಳೆಯದಂತೆ ತಡೆಯುವ ಅಂಶವಿದೆ. ಎರಡು ದಿನ ಹುಳಿ ಬಂದಾಗ ಆ ಲೋಳೆ ಕರಗುತ್ತದೆ, ಸಿಪ್ಪೆಯ ಮೇಲೆ ಅಂಟಿಕೊಂಡ ಕೆಲವು ರೋಗಾಣುಗಳೂ ಅದರೊಂದಿಗೆ ಹೋಗುತ್ತವೆ. ದಿನಕ್ಕೆ ಎರಡು ಸಲ ಕಡ್ಡಿಯಿಂದ ಕಲಕಿ. ತಂಪು ದೇಶಗಳವರು ಬರೆದ ಕ್ರಮದಲ್ಲಿ ಮೂರು, ನಾಲ್ಕು, ಐದು ದಿನ ಎಂದಿರುತ್ತದೆ, ಅದನ್ನು ನಂಬಿ ಕೂರಬೇಡಿ. ಕರಾವಳಿಯ ಸೆಕೆಗೆ ಒಂದೂವರೆಯಿಂದ ಎರಡು ದಿನ ಸಾಕು. ಮೇಲೆ ಬಿಳಿ ಪೊರೆ ಕಟ್ಟಿ, ಗುಳ್ಳೆ ಎದ್ದು, ಬೆರಳಿಗೆ ತೆಗೆದ ಬಿತ್ತು ಜಾರದೆ ಒರಟಾಗಿ ತಾಗಿದರೆ ಆಯಿತು. ಅದಕ್ಕಿಂತ ಒಂದು ದಿನವೂ ಹೆಚ್ಚು ಬಿಡಬೇಡಿ.

ಲೋಟ ತುಂಬ ನೀರು ಹಾಕಿ ಕಲಕಿ, ಒಂದು ಕ್ಷಣ ಬಿಡಿ. ಜೊಳ್ಳು ತೇಲುತ್ತದೆ, ಗಟ್ಟಿ ಬಿತ್ತು ತಳಕ್ಕಿಳಿಯುತ್ತದೆ. ಅಕ್ಕಿ ತೊಳೆದ ಹಾಗೆ ಮೇಲಿನದ್ದನ್ನು ಬಸಿಯುತ್ತಾ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆದು ಚಾ ಸೋಸುವ ಜರಡಿಗೆ ಸುರಿಯಿರಿ. ಬೀಡಿ ಸೇದುವವರು, ಎಲೆಅಡಿಕೆಗೆ ಹೊಗೆಸೊಪ್ಪು ಹಾಕುವವರು ಸೋಪಿನಲ್ಲಿ ಕೈ ತೊಳೆದೇ ಮುಟ್ಟಬೇಕು. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಕೈಯಿಂದಲೇ ಟೊಮೆಟೊಗೆ ದಾಟುತ್ತದೆ.

ಒಣಗಿಸಿ, ಮಳೆಗಾಲ ದಾಟಿಸುವುದು

ಕಾಗದದ ಮೇಲೆ ಹರಡಬೇಡಿ, ಅಂಟಿಕೊಂಡರೆ ಬಿಡಿಸುವುದು ಕಷ್ಟ. ಪಿಂಗಾಣಿ ತಟ್ಟೆಯಲ್ಲೋ ನೈಲಾನ್ ಬಲೆಯ ಮೇಲೋ ಒಂದೇ ಪದರವಾಗಿ ಹರಡಿ, ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಡಿ. ಮೊದಲ ದಿನ ಆಗಾಗ ಕೈಯಾಡಿಸಿದರೆ ಮುದ್ದೆಯಾಗುವುದಿಲ್ಲ. ಅಡಿಕೆ ಒಣಗುವ ಅಂಗಳದ ಬಿಸಿಲಿಗೆ ಹಾಕುವುದು ಬೇಡ, ಮಧ್ಯಾಹ್ನದ ನೆಲದ ಕಾವಿಗೆ ಬಿತ್ತಿನ ಜೀವ ಹೋಗುತ್ತದೆ. ಐದಾರು ದಿನದ ಮೇಲೆ ಒಂದು ಬಿತ್ತನ್ನು ಉಗುರಿನಿಂದ ಮಡಚಿ ನೋಡಿ. ಬಾಗಿದರೆ ಇನ್ನೂ ಒಣಗಬೇಕು, ಟಪ್ಪೆಂದು ಮುರಿದರೆ ಸಾಕು. ನಿಯಮದ ಲೆಕ್ಕದಲ್ಲಿ ತೇವ ನೂರಕ್ಕೆ 8ಕ್ಕಿಂತ ಹೆಚ್ಚಿರಬಾರದು.

ನಿಜವಾದ ಸವಾಲು ಇರುವುದು ಇಲ್ಲಿಂದ ಮುಂದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಜೂನ್, ಜುಲೈಯಲ್ಲಿ ಕಪಾಟಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ, ಕಾಗದದ ಪೊಟ್ಟಣದ ಬಿತ್ತು ಗಾಳಿಯ ತೇವ ಹೀರಿ ಸೆಪ್ಟೆಂಬರಿಗೆ ಸತ್ತಿರುತ್ತದೆ. ತೇವ ನೂರಕ್ಕೆ 1ರಷ್ಟು ಇಳಿದರೆ ಬಿತ್ತಿನ ಆಯುಸ್ಸು ಇಮ್ಮಡಿ, ಇಡುವ ಜಾಗದ ಉಷ್ಣತೆ 5 ಡಿಗ್ರಿ ಇಳಿದರೆ ಮತ್ತೆ ಇಮ್ಮಡಿ ಎಂಬುದು ಬೀಜ ವಿಜ್ಞಾನದ ಹಳೆಯ ಲೆಕ್ಕ. ಆದ್ದರಿಂದ ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ, ಮೊದಲ ಮಳೆ ಬರುವ ಮುಂಚೆಯೇ ಬಿತ್ತು ಬಾಟಲಿ ಸೇರಿರಬೇಕು. ಗಟ್ಟಿ ಮುಚ್ಚಳದ ಗಾಜಿನ ಬಾಟಲಿಯ ತಳದಲ್ಲಿ ಹುರಿದು ಪೂರ್ತಿ ತಣಿಸಿದ ಅಕ್ಕಿಯನ್ನು ಕಾಲುಭಾಗ ತುಂಬಿ, ಮೇಲೆ ಬಿತ್ತಿನ ಕಾಗದದ ಪೊಟ್ಟಣಗಳನ್ನಿಟ್ಟು ಬಿಗಿಯಾಗಿ ಮುಚ್ಚಿ. ಸಿಲಿಕಾ ಜೆಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಫ್ರಿಜ್ಜಿನ ಕೆಳಗಿನ ತಟ್ಟೆ ಒಳ್ಳೆಯ ಜಾಗ, ಆದರೆ ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬಾರದು. ಬಾಟಲಿಯ ತಣಿವು ಬಿಡುವವರೆಗೆ ಕಾಯಿರಿ, ಇಲ್ಲವಾದರೆ ಹೊರಗಿನ ತೇವ ಒಳಗೆ ಹನಿಗಟ್ಟುತ್ತದೆ. ಹೀಗಿಟ್ಟ ಬಿತ್ತು ನಾಲ್ಕೈದು ವರ್ಷ ಬದುಕುತ್ತದೆ.

ಹಂಚುವುದು

ಎಷ್ಟೇ ಜಾಗ್ರತೆ ಮಾಡಿದರೂ ಒಂದೇ ಮನೆಯಲ್ಲಿರುವ ತಳಿ ಒಂದು ಕೆಟ್ಟ ಮಳೆಗಾಲಕ್ಕೆ, ಒಂದು ಇಲಿಗೆ ಮುಗಿದುಹೋಗಬಹುದು. ಬದಿಯಡ್ಕದಲ್ಲೊಂದು, ಪೈವಳಿಕೆಯಲ್ಲೊಂದು, ಮುಳ್ಳೇರಿಯಾದಲ್ಲೊಂದು ಮನೆಯಲ್ಲಿ ಅದೇ ತಳಿ ಇದ್ದರೆ ಕಳೆದುಕೊಂಡವರು ಮತ್ತೆ ಕೇಳಿ ಪಡೆಯಬಹುದು. ಒಂದು ಗ್ರಾಮಿನಲ್ಲಿ 300ರ ಆಸುಪಾಸು ಬಿತ್ತು ಇರುತ್ತದೆ, ಒಂದು ಮನೆಗೆ ಇಪ್ಪತ್ತೈದು ಸಾಕು. ಕೊಡುವ ಮನಸ್ಸಿದ್ದರೆ ಬಿತ್ತಿಗೆ ಕೊರತೆಯಾಗದು.

ಕೊಡುವಾಗ ಬಿತ್ತನ್ನೇ ಕೊಡಿ, ಸಸಿಯನ್ನಲ್ಲ. ನೆಂಟರು ಬಂದಾಗ ಗ್ರೋ ಬ್ಯಾಗಿನಿಂದ ನಾಲ್ಕು ಸಸಿ ಕಿತ್ತು ಕೊಡುವುದು ನಮ್ಮಲ್ಲಿ ಪ್ರೀತಿಯ ರೂಢಿ. ಆದರೆ ಸೊರಗು ರೋಗದ ದುಂಡಾಣು ಹರಡುವುದು ಮಣ್ಣು, ನೀರು, ಕತ್ತಿ-ಪಿಕ್ಕಾಸು, ಸಸಿಯ ಬೇರಿನ ಮೂಲಕ. ಹಿಡಿ ಮಣ್ಣಿನ ಜೊತೆ ಹೋದ ರೋಗ ಆ ಮನೆಯ ಬದನೆ, ಮೆಣಸನ್ನೂ ಬಿಡುವುದಿಲ್ಲ, ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ತೊಳೆದು ಒಣಗಿಸಿದ ಬಿತ್ತಿನಲ್ಲಿ ಆ ಭಯ ತೀರಾ ಕಡಿಮೆ.

ಪೊಟ್ಟಣದ ಮೇಲೆ ತಳಿಯ ಹೆಸರು, ಬಿತ್ತು ತೆಗೆದ ತಿಂಗಳು ಮತ್ತು ವರ್ಷ, ಊರು, ಹಣ್ಣಿನ ಆಕಾರ, ಗಿಡಕ್ಕೆ ಆಧಾರ ಬೇಕೋ ಬೇಡವೋ, ಇವಿಷ್ಟು ಬೇಕು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಾಲು: ಆ ಮಣ್ಣಿನಲ್ಲಿ ಸೊರಗು ರೋಗ ಇತ್ತೇ, ಇದ್ದೂ ಗಿಡ ನಿಂತಿತೇ. ರೋಗವೇ ಇಲ್ಲದ ಹೊಸ ಗ್ರೋ ಬ್ಯಾಗಿನಲ್ಲಿ ಚೆನ್ನಾಗಿ ಬಂದ ಗಿಡ ಸಾಬೀತು ಮಾಡಿದ್ದೇನೂ ಇಲ್ಲ, ಹಾಗಿದ್ದರೆ ಹಾಗೆಂದೇ ಬರೆಯಿರಿ. ಹೆಸರನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದರೆ ಪೊಟ್ಟಣ ಕುಂಬಳೆಯಿಂದ ಕಾಞಂಗಾಡಿನವರೆಗೆ ತೊಡಕಿಲ್ಲದೆ ಸಾಗುತ್ತದೆ. ಪಡೆದ ಹೆಸರನ್ನು ಬದಲಿಸಬೇಡಿ. ಹೆಸರೇ ಗೊತ್ತಿಲ್ಲದಿದ್ದರೆ ಕೊಟ್ಟ ಮನೆಯ ಊರಿನ ಹೆಸರಿಡಿ, ಮುಂದೆ ಮೂಲ ಹುಡುಕಲು ಅನುಕೂಲ.

ಅಂಚೆಯಲ್ಲಿ ಕಳುಹಿಸುವುದಾದರೆ ಎರಡು ದಪ್ಪ ರಟ್ಟಿನ ನಡುವೆ ಪೊಟ್ಟಣ ಇಡಿ, ಮುದ್ರೆಯ ಹೊಡೆತಕ್ಕೆ ಬಿತ್ತು ಒಡೆಯಬಾರದು. ಕಾನೂನಿನ ಅಳುಕು ಬೇಡ. ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಸೆಕ್ಷನ್ ಬಿತ್ತು ಉಳಿಸುವ, ಮತ್ತೆ ಬಿತ್ತುವ, ವಿನಿಮಯ ಮಾಡುವ, ಹಂಚುವ ರೈತರ ಹಕ್ಕನ್ನು ಸ್ಪಷ್ಟವಾಗಿ ಹೇಳಿದೆ. ಸಂರಕ್ಷಿತ ತಳಿಯ ಬಿತ್ತನ್ನು ಬ್ರ್ಯಾಂಡ್ ಹೆಸರಿನ ಪ್ಯಾಕೆಟ್ ಮಾಡಿ ಮಾರುವುದಕ್ಕೆ ಮಾತ್ರ ತಡೆಯಿದೆ.

ಹಂಚಲು ಸರಿಯಾದ ಹೊತ್ತು ಸೋಣ ತಿಂಗಳು, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ಮಳೆ ಸ್ವಲ್ಪ ಬಿಡುವು ಕೊಟ್ಟಿರುತ್ತದೆ, ಎಲ್ಲರೂ ಮುಂದಿನ ತರಕಾರಿಯ ಯೋಚನೆಯಲ್ಲಿರುತ್ತಾರೆ. ಅದಕ್ಕೆ ಹತ್ತು ದಿನ ಮೊದಲು ಮೊಳಕೆ ಪರೀಕ್ಷೆ ಮಾಡಿ. ಇಪ್ಪತ್ತು ಬಿತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಆರದಂತೆ ಡಬ್ಬಿಯಲ್ಲಿಟ್ಟು ಎಂಟು ದಿನಕ್ಕೆ ಎಣಿಸಿ. ಹದಿನಾಲ್ಕು ಮೊಳೆತರೆ ನೂರಕ್ಕೆ 70, ಪ್ರಮಾಣಿತ ಬೀಜಕ್ಕೆ ಸರಕಾರ ಕೇಳುವಷ್ಟೇ ಆಯಿತು, ಧೈರ್ಯವಾಗಿ ಹಂಚಿ. ಹತ್ತರ ಆಸುಪಾಸಿನಲ್ಲಿದ್ದರೆ ಪೊಟ್ಟಣಕ್ಕೆ ಬಿತ್ತು ಇಮ್ಮಡಿ ಹಾಕಿ, ಕಾರಣವನ್ನೂ ಬರೆಯಿರಿ. ಐದಕ್ಕಿಂತ ಕಡಿಮೆಯಾದರೆ ಯಾರಿಗೂ ಕೊಡದೆ, ಇದ್ದಷ್ಟನ್ನೂ ಈ ವರ್ಷವೇ ನಿಮ್ಮ ಹಿತ್ತಿಲಲ್ಲಿ ಬಿತ್ತಿ ಹೊಸ ಬಿತ್ತು ತೆಗೆಯಿರಿ. ಪರೀಕ್ಷೆಗೆಂದು ಮೊಳೆಸಿದವನ್ನು ಎಸೆಯಬೇಡಿ, ಸುಡುಮಣ್ಣು ಮತ್ತು ಹಟ್ಟಿಗೊಬ್ಬರ ಬೆರೆಸಿದ ಟ್ರೇಯಲ್ಲಿ ಅರ್ಧ ಬೆರಳಿನ ಅಗಲದಷ್ಟು ಆಳಕ್ಕೆ ಊರಿದರೆ ನಾಲ್ಕು ವಾರಕ್ಕೆ ನೆಡುವ ಸಸಿ ಸಿದ್ಧ.