ಪ್ರಸಂಗಕ್ಕೆ ಬಗ್ಗದ ಸಭೆ ಕರೆಂಟ್ ಮೀಟರಿಗೆ ಬಗ್ಗಿತು: ನನ್ನ ಅನುಭವ

ನಮ್ಮ ಚರ್ಚಿನ ಪರಿಸರ ಗುಂಪು ಕೆಲವು ವರ್ಷ ಹೆಸರಿಗೆ ಮಾತ್ರ ಇತ್ತು. ಹಿರಿಯರ ಸಮಿತಿಯಲ್ಲಿ ನಾನು ಎದ್ದು ನಿಂತರೆ ಸಾಕು, ಗಡಿಯಾರ ನೋಡುತ್ತಿದ್ದರು. ಈಗ ಅವರೇ ಬೇರೆ ಚರ್ಚಿನ ಸಭೆಯವರಿಗೆ ನನ್ನ ನಂಬರ್ ಕೊಡುತ್ತಿದ್ದಾರೆ. ಚರ್ಚಿನ ಕರೆಂಟ್ ಬಳಕೆ ಹೇಗೆ ಇಳಿಸಿದೆವು ಅನ್ನೋದನ್ನೇ ಫೋನಿನಲ್ಲಿ ಮತ್ತೆ ಮತ್ತೆ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತೋಟವನ್ನು ನೋಡಿಕೊಳ್ಳೋಕೆ ದೇವರು ಮನುಷ್ಯನನ್ನು ಇಟ್ಟ ಅನ್ನುವ ಬೈಬಲಿನ ಆದಿಕಾಂಡ 2:15ರ ಮೇಲೆ ಪ್ರಸಂಗ (ಉಪದೇಶ), ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಚರ್ಚುಗಳು ಪರಿಸರಕ್ಕಾಗಿ ಪ್ರಾರ್ಥಿಸುವ 'ಸೃಷ್ಟಿಯ ಕಾಲ'ದ ಆರಾಧನೆ, ಇದೆಲ್ಲ ನೀವೂ ಮಾಡಿರುತ್ತೀರಿ. ನಾವೂ ಮಾಡಿದೆವು. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ಪತ್ರ ಬರೆದಾಗ, ನಾವು ಕಥೋಲಿಕರಲ್ಲದಿದ್ದರೂ ಅದರ ಸಾರವನ್ನು ಅಚ್ಚು ಹಾಕಿಸಿ ಹಂಚಿದೆವು. ಗುಂಪಿಗೆ ಆ ವರ್ಷ ಸಿಕ್ಕ ದುಡ್ಡಿನಲ್ಲಿ ಮುಕ್ಕಾಲು ಪಾಲು ಅಚ್ಚಿಗೇ ಹೋಯಿತು. ಅರ್ಧದಷ್ಟು ಕಾಗದ ಬೆಂಚಿನ ಕೆಳಗೆ ಸಿಕ್ಕಿತು. ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಡುವಾಗ ಫೋಟೋಗೆ ಇಡೀ ಸಭೆ ಬರುತ್ತಿತ್ತು, ನೀರು ಹಾಕೋಕೆ ವಾಚ್‌ಮನ್ ಒಬ್ಬರೇ. ಹತ್ತರಲ್ಲಿ ಎರಡು ಉಳಿದರೆ ಜಾಸ್ತಿ.

ಕೆಲಸ ಆಗಿದ್ದು ಮೀಟರಿನಿಂದ. ಭಾನುವಾರ ರಾತ್ರಿ ಬಾಗಿಲು ಹಾಕುವಾಗ ಒಮ್ಮೆ, ಸೋಮವಾರ ಬೆಳಿಗ್ಗೆ ತೆಗೆಯುವಾಗ ಒಮ್ಮೆ ಮೀಟರ್ ಓದಿ. ಒಳಗೆ ಒಂದು ನರಪಿಳ್ಳೆ ಇಲ್ಲದ ಹೊತ್ತು ಅದು. ನಮ್ಮಲ್ಲಿ ಒಂದೇ ರಾತ್ರಿಗೆ ಹನ್ನೊಂದೋ ಹನ್ನೆರಡೋ ಯೂನಿಟ್ ಓಡಿತ್ತು. ಗೋಪುರದ ಮೇಲೆ 400 ವ್ಯಾಟಿನ ಎರಡು ಮೆಟಲ್ ಹ್ಯಾಲೈಡ್ ಫ್ಲಡ್‌ಲೈಟ್ ಬೆಳಗಿನವರೆಗೂ ಉರಿಯುತ್ತಿದ್ದವು, ಜೊತೆಗೆ ಯಾರೂ ಆರಿಸದ ಆಂಪ್ಲಿಫೈಯರ್, ಸುಮ್ನೆ ಗುಂಯ್‌ಗುಡುವ ವಾಟರ್ ಕೂಲರ್. ಫ್ಯಾನು, ಲೈಟು, ಸೌಂಡ್ ಎಲ್ಲ ಸೇರಿ ಭಾನುವಾರದ ಆರಾಧನೆಗೆ ಇಪ್ಪತ್ತು ಯೂನಿಟ್ ಆಗುತ್ತಿತ್ತೇನೋ. ಅಂದರೆ ವಾರದ ಏಳು ರಾತ್ರಿಯ ಲೆಕ್ಕದಲ್ಲಿ ತುಂಬಿದ ಚರ್ಚು ತಿನ್ನುವುದರ ಸುಮಾರು ನಾಲ್ಕು ಪಟ್ಟು ಖಾಲಿ ಚರ್ಚು ತಿನ್ನುತ್ತಿತ್ತು! ಈ ಒಂದು ವಾಕ್ಯ ಸಮಿತಿಯಲ್ಲಿ ಹೇಳಿದ ದಿನ ಯಾರೂ ಗಡಿಯಾರ ನೋಡಲಿಲ್ಲ.

ಹಾಗಂತ ಲೈಟ್ ಆರಿಸೋಕೆ ಬಿಟ್ಟರಾ? ಇಲ್ಲ. ಚರ್ಚಿನಲ್ಲಿ ಬೆಂಚಿನಿಂದ ಹಿಡಿದು ಬಲ್ಬಿನವರೆಗೆ ಪ್ರತಿಯೊಂದೂ ಯಾರದೋ ನೆನಪಿಗೆ ಕೊಟ್ಟಿದ್ದು, ಗೊತ್ತಲ್ವಾ. ಗೋಪುರದ ದೀಪಗಳೂ ಹಾಗೇ, ಕೆಳಗೆ ಕಲ್ಲಿನಲ್ಲಿ ಹೆಸರು ಕೆತ್ತಿದೆ. ಆರಿಸಿದರೆ ಸತ್ತವರಿಗೆ ಅವಮಾನ ಅಂತ ಒಬ್ಬ ಹಿರಿಯರು ಕೂತಲ್ಲಿಂದ ಎದ್ದೇ ಬಿಟ್ಟರು. ಕೊನೆಗೆ ಅದೇ ಮನೆಯವರೇ 150 ವ್ಯಾಟಿನ ಎರಡು ಎಲ್‌ಇಡಿ ಮತ್ತು ಟೈಮರ್ ಕೊಟ್ಟರು, ಕಲ್ಲು ಅಲ್ಲೇ ಉಳಿಯಿತು, ದೀಪ ರಾತ್ರಿ ಹತ್ತಕ್ಕೆ ಆರುತ್ತದೆ. ಅವರನ್ನು ಹೇಗೆ ಒಪ್ಪಿಸಿದೆವು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಬೆಂಚು, ಪಂಪು ಕೊಟ್ಟ ಮನೆಯವರನ್ನು ಒಪ್ಪಿಸುವುದು ಬಾಕಿ ಇದೆ.

ಈಗ ದುಡ್ಡಿನ ಮಾತು. ಮೊದಲ ವರ್ಷ ಬಿಲ್ಲಿನಲ್ಲಿ ಮೂರರಲ್ಲೊಂದು ಪಾಲು ಇಳಿಯಿತು, ಆದರೆ ಉಳಿದಿದ್ದೆಲ್ಲ ಸಾಮಾನ್ಯ ಖಾತೆಯಲ್ಲಿ ಕರಗಿ ಗೋಡೆಗೆ ಬಣ್ಣವಾಯಿತು. ಗುಂಪಿನ ಹುಡುಗರು ಸಪ್ಪಗಾದರು. ಮರುವರ್ಷ ಖಜಾಂಚಿ ಹತ್ತಿರ ಒಂದು ಕರಾರು ಮಾಡಿಕೊಂಡೆವು: ಉಳಿದಿದ್ದರಲ್ಲಿ ಅರ್ಧ ಗುಂಪಿಗೆ, ವಾರ್ಷಿಕ ಲೆಕ್ಕದಲ್ಲಿ ಅದಕ್ಕೆ ಬೇರೆ ಸಾಲು. ಉಳಿತಾಯ ಅಳೆಯುವುದು ದುಡ್ಡಿನಲ್ಲಿ ಅಲ್ಲ, ಹೋದ ವರ್ಷದ ಅದೇ ತಿಂಗಳ ಯೂನಿಟ್ ಜೊತೆ ಹೋಲಿಸಿ. ದರ ಏರಿದ ತಿಂಗಳು ಬಿಲ್ಲೂ ಏರುತ್ತದೆ, ಆಗ "ಎಲ್ಲಿ ನಿಮ್ಮ ಉಳಿತಾಯ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಲೆಕ್ಕದ ವರ್ಷ ಸೆಪ್ಟೆಂಬರ್ 1ಕ್ಕೆ ಶುರು. 1989ರಲ್ಲಿ ಆರ್ಥೊಡಾಕ್ಸ್ ಸಭೆಯ ಪೇಟ್ರಿಯಾರ್ಕ್ (ಹಿರಿಯ ಧರ್ಮಗುರು) ದಿಮಿತ್ರಿಯೋಸ್ ಸೃಷ್ಟಿಗಾಗಿ ಪ್ರಾರ್ಥಿಸೋಕೆ ಗೊತ್ತು ಮಾಡಿದ ದಿನ ಅದು, ನಮ್ಮ ಪಾದ್ರಿ ಅಯ್ಯನವರಿಗೂ ಖುಷಿ.

ಆಮೇಲೆ ಪ್ರಕಟಣೆಯ ಹೊತ್ತಿನಲ್ಲಿ, ಕಾಣಿಕೆಯ ಲೆಕ್ಕದ ಹಿಂದೆಯೇ ವಾರದ ಯೂನಿಟ್ ಓದಿಸಿದೆವು. ಸಂಡೇ ಸ್ಕೂಲ್ ಮಕ್ಕಳಿಗೆ ಒಂದೊಂದು ಕಾರ್ಡ್ ಕೊಟ್ಟು ಮನೆಯ ಮೀಟರ್ ಬರೆದು ತರೋಕೆ ಹೇಳಿದೆವು. ಪ್ರಸಂಗ ಕೇಳಿ ನಿದ್ದೆ ಮಾಡುವ ಅಪ್ಪಂದಿರು ಮಗಳು ಸ್ವಿಚ್ ಮುಂದೆ ನಿಂತರೆ ಏಳುತ್ತಾರೆ. ವರ್ಷದ ಕೊನೆಗೆ ಮೂರನೇ ಒಂದು ಭಾಗದಷ್ಟು ಮನೆಗಳು ಕಾರ್ಡ್ ಬಿಡದೆ ತಂದವು, ಅವುಗಳಲ್ಲಿ ಬಳಕೆ ಹತ್ತರಲ್ಲೊಂದು ಪಾಲು ಇಳಿದಿತ್ತು ಅಂತ ನೆನಪು.

ನಡುವೆ ಬೇರೆ ಆಟಗಳೂ ಆಡಿದೆವು. ಅಲಂಕಾರದ ಹೂವಿಗೆ ಗೊಬ್ಬರದ ಗುಂಡಿ ತೋಡಿದರೆ ತಿಂಗಳಾದ ಮೇಲೂ ಹಸಿರು ತುಣುಕುಗಳು ಹಾಗೇ ಇದ್ದವು. ಹೂ ಚುಚ್ಚುವ ಆ ಹಸಿರು ಫೋಮ್ ಪ್ಲಾಸ್ಟಿಕ್ಕೇ, ಕೊಳೆಯುವುದಿಲ್ಲ, ಪುಡಿಯಾಗಿ ಮಣ್ಣಿಗೆ ಸೇರುತ್ತದೆ. ಸ್ತ್ರೀಯರ ಸಂಘದವರು ಈಗ ಕೋಳಿ ಗೂಡಿನ ಜಾಲರಿಯನ್ನು ಉಂಡೆ ಮಾಡಿ ಹೂದಾನಿಯೊಳಗೆ ಇಡುತ್ತಾರೆ. ಹೂ ಇನ್ನೂ ಚೆನ್ನಾಗಿ ನಿಲ್ಲುತ್ತದೆ, ಜಾಲರಿ ವರ್ಷಗಟ್ಟಲೆ ಬರುತ್ತದೆ. ಉಳಿದ ಮೇಣ ಕರಗಿಸಿ ಮೋಂಬತ್ತಿ ಮಾಡಿದ್ದು ಮಾತ್ರ ಬರೀ ಹೊಗೆ.

ಗುಂಪಿನ ಪಾಲಿನ ದುಡ್ಡು ಹೋಗಿದ್ದು ಮಳೆನೀರಿಗೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 300 ಚದರ ಮೀಟರ್ ಸೂರಿಗೆ 20 ಮಿಲಿಮೀಟರ್ ಬಿದ್ದರೆ 6000 ಲೀಟರ್, ಸೋರಿದ್ದು ಕಳೆದರೂ 5000. ನಮ್ಮ ಕೈಲಾಗಿದ್ದು 2000 ಲೀಟರಿನ ಟ್ಯಾಂಕ್, ಒಂದೇ ಮಳೆಗೆ ತುಂಬಿ ಹರಿಯಿತು. ಗೋಪುರದ ತುಂಬ ಪಾರಿವಾಳ ಇರುವುದರಿಂದ ಮೊದಲ ನೀರು ಹೊರಗೆ ಬಿಡೋಕೆ ಪೈಪಿಗೆ ಒಂದು ಕವಲು ಬೇಕೇ ಬೇಕು. ಈಗ ಒಂದೊಂದು ಗಿಡ ಒಂದೊಂದು ಮನೆಯವರ ಹೊಣೆ, ನೀರೂ ಹತ್ತಿರವೇ ಇದೆ. ಹತ್ತರಲ್ಲಿ ಏಳು ಉಳಿದಿವೆ.

ಸೋಲಾರ್ ಯಾಕೆ ಹಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಖಾಲಿ ಕಟ್ಟಡದ ಬಳಕೆ ಇಳಿಸುವ ಮೊದಲು ಪ್ಯಾನೆಲ್ಲಿನ ಲೆಕ್ಕ ಹಾಕಿಸಿದ್ದರೆ ಬೇಕಾದ್ದಕ್ಕಿಂತ ದೊಡ್ಡದನ್ನು ಕೊಂಡುಕೊಳ್ಳುತ್ತಿದ್ದೆವು. ಅದೂ ಅಲ್ಲದೆ ಚರ್ಚಿಗೆ ಕರೆಂಟ್ ಬೇಕಾಗುವುದು ಭಾನುವಾರ ಬೆಳಿಗ್ಗೆ, ಉಳಿದ ಆರು ದಿನ ಪ್ಯಾನೆಲ್ ಮಾಡಿದ್ದನ್ನು ಗ್ರಿಡ್ಡಿನವರು ಒಳ್ಳೆ ದರಕ್ಕೆ ತೆಗೆದುಕೊಂಡರಷ್ಟೇ ಹಾಕಿದ ದುಡ್ಡು ವಾಪಸ್ ಬರುತ್ತದೆ. ಸೂರಿನ ರಿಪೇರಿ ಮುಗಿಯಲಿ, ಆಗ ಕೊಟೇಶನ್ ತರಿಸುತ್ತೇವೆ.