ಪತ್ತನಾಜೆಗೆ ಮುಂಚೆ ಹಿತ್ತಿಲ ಕೆಲಸ, ಪುಟ್ಟ ಮಗುವನ್ನೂ ಕಟ್ಟಿಕೊಂಡು

ಮೇ ತಿಂಗಳ ಎರಡನೇ ವಾರ ಬಂತೆಂದರೆ ಉಡುಪಿ ಕಡೆಯ ಹಿತ್ತಿಲುಗಳು ಬರಿದಾಗಿರುತ್ತವೆ. ಬಾವಿಯ ನೀರು ತಳ ಸೇರಿರುತ್ತದೆ, ಬಸಳೆ ಚಪ್ಪರ ಸೊರಗಿರುತ್ತದೆ, ಮಂಗಳೂರು ಸೌತೆ ಕೊಯ್ದು ತೂಗುಹಾಕಿ ಆಗಿರುತ್ತದೆ. ಆದರೆ ಮಳೆಗಾಲದ ತರಕಾರಿಯ ಹಣೆಬರಹ ನಿರ್ಧಾರ ಆಗುವುದು ಈ ಮೂರು ವಾರಗಳಲ್ಲೇ. ಜೂನ್ ಮೊದಲ ವಾರ ಮಳೆ ಹಿಡಿದ ಮೇಲೆ ಹಾರೆ ಹಾಕಿದರೆ ಮಣ್ಣು ಕೆಸರಾಗುತ್ತದೆ ಅಷ್ಟೇ. ಪತ್ತನಾಜೆ ಬರುವುದು ಮೇ 24 ಅಥವಾ 25ರ ಸುಮಾರಿಗೆ, ತುಳುವರ ಬೇಶ ತಿಂಗಳ ಹತ್ತನೇ ದಿನ. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಸಾಲು ತಯಾರಾಗಿರಬೇಕು, ಬೀಜ ಕೈಯಲ್ಲಿರಬೇಕು.

ಮನೆಯಲ್ಲಿ ನಾಲ್ಕು ವರ್ಷದ ಮಗು ಇದ್ದರೆ ಇದೆಲ್ಲ ಹೇಗೆ ಅಂತ ಕೇಳಬಹುದು. "ಮಲಗಿದ ಮೇಲೆ ಮಾಡೋಣ" ಎಂದು ಕಾದರೆ ಆಗುವ ಕೆಲಸವಲ್ಲ, ಮಗು ಮಲಗುವುದೇ ಸುಡುಬಿಸಿಲಿನ ಹೊತ್ತಿನಲ್ಲಿ ಅಲ್ವಾ? ಜೊತೆಗೇ ಕರೆದುಕೊಳ್ಳಿ. ಆದರೆ ಪ್ಲಾಸ್ಟಿಕ್ ಸಲಿಕೆ ಕೊಟ್ಟು ಬದಿಯಲ್ಲಿ ಕೂರಿಸಬೇಡಿ. ನಿಜವಾದ ಕೆಲಸ ಕೊಡಿ, ಮಗು ಮಾಡದೇ ಇದ್ದರೆ ನೀವು ಮಾಡಲೇಬೇಕಾಗಿದ್ದಂಥ ಕೆಲಸ. ಸುಮ್ನೆ ಕೊಟ್ಟದ್ದು ಯಾವುದು, ಬೇಕಾಗಿ ಕೊಟ್ಟದ್ದು ಯಾವುದು ಅಂತ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ. ನಮ್ಮ ಮಗಳು ಸಲಿಕೆಯನ್ನು ಐದು ನಿಮಿಷದಲ್ಲಿ ಎಸೆಯುತ್ತಾಳೆ, ಕಲ್ಲು ಹೆಕ್ಕುವುದಕ್ಕೆ ಅರ್ಧ ಗಂಟೆ ಕೂರುತ್ತಾಳೆ.

ಹೊತ್ತು ನೋಡಿಕೊಳ್ಳಿ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ, ಸಂಜೆ ಐದರ ನಂತರ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಹಾಗಾಗಿ ಮಕ್ಕಳ ಮೈ ಬೇಗ ಬಿಸಿಯಾಗುತ್ತದೆ. ಮಜ್ಜಿಗೆಯೋ ಪುನರ್ಪುಳಿ ಶರಬತ್ತೋ ಜಗಲಿಯಲ್ಲಿ ಮೊದಲೇ ತಂದಿಟ್ಟಿರಿ. ಸಂಜೆ ಘಟ್ಟದ ಕಡೆ ಮೋಡ ಕಪ್ಪಾಗಿ ಗುಡುಗು ಕೇಳಿಸಿತೋ, ಹಾರೆ ಅಲ್ಲೇ ಬಿಟ್ಟು ಮಗುವನ್ನು ಎತ್ತಿಕೊಂಡು ಒಳಗೆ ನಡೆಯಿರಿ. ಮೇ ತಿಂಗಳ ಸಿಡಿಲಿನ ಜೊತೆ ಆಟ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಇಳಿಯಲೇಬೇಡಿ.

ಮೊದಲ ಕೆಲಸ ತರಗೆಲೆ ಒಟ್ಟು ಮಾಡುವುದು. ಹಲಸು, ಮಾವು, ಗೇರು ಮರದ ಅಡಿಯಲ್ಲಿ ರಾಶಿ ಬಿದ್ದಿರುತ್ತದೆ. ಉದ್ದ ಕೋಲಿನಿಂದ ರಾಶಿಯನ್ನು ಕೆದಕುವುದು ದೊಡ್ಡವರೇ, ಅಡಿಯಲ್ಲಿ ಚೇಳೋ ಹಾವೋ ಇರಬಹುದು. ಕೆದಕಿ ಹರಡಿದ ಮೇಲೆ ಸಣ್ಣ ಬುಟ್ಟಿಯಲ್ಲಿ ತುಂಬಿ ಸಾಗಿಸುವುದು ಮಗು. ಇದನ್ನು ಸುಡಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ತರಗೆಲೆಯನ್ನು ಮಣ್ಣಿನ ಜೊತೆ ಸುಟ್ಟು ಗೊಬ್ಬರ ಮಾಡುವ ಸುಡುಮಣ್ಣು ನಮ್ಮ ಹಿರಿಯರ ಪದ್ಧತಿ ಹೌದು, ಆದರೆ ಈಗ ಮನೆಗೆ ಮನೆ ತಾಗಿಕೊಂಡಿದೆ, ಹೊಗೆ ಹೋಗುವುದು ಪಕ್ಕದ ಮನೆಯ ಮಗುವಿನ ಮೂಗಿಗೆ. ಒಂದು ಮೂಲೆಯಲ್ಲಿ ಒಣಗಿಸಿಡಿ. ಗಿಡ ಒಂದು ಗೇಣು ಆದಾಗ ಬುಡಕ್ಕೆ ಹಾಸಿದರೆ ಜಡಿಮಳೆ ಮಣ್ಣನ್ನು ಹೊಡೆದು ಎಲೆಗೆ ಸಿಡಿಸುವುದಿಲ್ಲ.

ಮಣ್ಣಿನ ವಿಷಯಕ್ಕೆ ಬಂದರೆ, ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ) ಕೆಂಪು ಮಣ್ಣು. ವರ್ಷ ವರ್ಷ ಸುರಿಯುವ ಮಳೆಗೆ ಸತ್ವವೆಲ್ಲ ತೊಳೆದುಹೋಗಿ ಹುಳಿಯಾಗಿರುತ್ತದೆ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಿಗೆ 1,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಮಣ್ಣಿನಲ್ಲಿ ಏನು ಉಳಿದೀತು? ಅದಕ್ಕೆ ಸುಣ್ಣ ಬೇಕು. ಒಂದು ಸೆಂಟ್ಸ್ ಜಾಗಕ್ಕೆ 2ರಿಂದ 3 ಕಿಲೋ ಕೃಷಿ ಸುಣ್ಣ, ಬೀಜ ಹಾಕುವ ಹದಿನೈದು ದಿನ ಮುಂಚೆ ಮಣ್ಣಿಗೆ ಬೆರೆಸಿ ಸ್ವಲ್ಪ ನೀರು ಚಿಮುಕಿಸಿ. ಸುಣ್ಣ ಮತ್ತು ಗೊಬ್ಬರ ಒಂದೇ ದಿನ ಹಾಕಬೇಡಿ. ಸುಣ್ಣದ ದಿನ ಮಗು ಅಜ್ಜಿ ಜೊತೆ ಒಳಗೇ ಇರಲಿ. ಗಾಳಿಗೆ ಹಾರಿ ಕಣ್ಣಿಗೆ ಬಿದ್ದರೆ ಕಷ್ಟ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದರೆ ಜಗಲಿಯಲ್ಲೇ ಕೂತು ಕಾಗೆ ಓಡಿಸುವುದೂ ಆ ದಿನ ಮಗುವಿಗೆ ಒಂದು ಕೆಲಸವೇ.

ಎರಡು ವಾರ ಬಿಟ್ಟು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿ ಸಾಲು ಎಬ್ಬಿಸಿ. ಒಂದು ಅಡಿ ಎತ್ತರ ಇರಲಿ, ನಡುವೆ ನೀರು ಹರಿದು ಹೋಗಲು ಕಣಿ. ತಗ್ಗಾದ ಸಾಲಿನಲ್ಲಿ ಮಳೆಗಾಲದ ತರಕಾರಿ ಉಳಿಯುವುದಿಲ್ಲ, ಬೇರು ಕೊಳೆಯುತ್ತದೆ. ಹೆಂಟೆಯನ್ನು ತೆಂಗಿನ ಗೆರಟೆಯಿಂದ ಕುಟ್ಟಿ ಪುಡಿ ಮಾಡುವುದು, ಮುರಕಲ್ಲಿನ ಚೂರು ಹೆಕ್ಕಿ ಬಾಲ್ದಿಗೆ ಹಾಕುವುದು ಮಗುವಿನ ಕೆಲಸ. ಆ ಕಲ್ಲನ್ನೇ ಸಾಲಿನ ಬದಿಗೆ ಕಟ್ಟಿ. ಗೊಬ್ಬರದಲ್ಲಿ ದಪ್ಪ ಬಿಳಿ ಹುಳು ಸುರುಟಿಕೊಂಡು ಮಲಗಿರುತ್ತದೆ, ಅದನ್ನು ತೋರಿಸಿ, ನೋಡಲು ಬಿಡಿ, ಆಮೇಲೆ ಕೋಳಿಗೆ ಹಾಕಿ.

ಬೀಜ ಆದಷ್ಟು ಊರಿನದ್ದೇ ಹುಡುಕಿ. ಊರ ಬೆಂಡೆ, ಹೀರೆ, ಅಲಸಂಡೆ, ಮುಳ್ಳುಸೌತೆ, ಹಾಗಲ ಇವೆಲ್ಲ ನೆರೆಮನೆಯಲ್ಲೋ ನೆಂಟರ ಮನೆಯಲ್ಲೋ ಬೂದಿಯಲ್ಲಿ ಹಾಕಿಟ್ಟದ್ದು ಸಿಗುತ್ತದೆ. ಅಂಗಡಿಯ ಪ್ಯಾಕೆಟ್ ಬೀಜಕ್ಕೆ ಗುಲಾಬಿಯೋ ನೀಲಿಯೋ ಬಣ್ಣ ಇದ್ದರೆ ಅದಕ್ಕೆ ಔಷಧ ಹಚ್ಚಿರುತ್ತಾರೆ. ನೋಡಲು ಮಿಠಾಯಿ ಥರ ಇರುತ್ತದೆ, ಹಾಗಾಗಿ ಆ ಬೀಜ ಮಗುವಿನ ಕೈಗೆ ಸಿಗಲೇಬಾರದು. ಊರಿನ ಬೀಜವಾದರೆ ಈ ಭಯವಿಲ್ಲ. ಕೆಸುವಿನ ಗೆಡ್ಡೆಯನ್ನೂ ನೀವೇ ನೆಡಿ, ತುರಿಸುತ್ತದೆ.

ಬೆಂಡೆ ಬೀಜ ಹಿಂದಿನ ರಾತ್ರಿ ನೆನೆಸಿಡಿ. ಬಿತ್ತುವಾಗ ಸ್ಕೇಲ್ ಬೇಡ, ಮಗುವೇ ಅಳತೆ. ತೋರುಬೆರಳಿನ ಮೊದಲ ಗೆಣ್ಣು ಮುಳುಗುವಷ್ಟು ಆಳ. ಕಣಿಯಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಮೂರು ಪಾದ ನಡೆದರೆ ಸುಮಾರು ಒಂದೂವರೆ ಅಡಿ, ಅಷ್ಟಕ್ಕೊಂದು ಗುಣಿ, ಗುಣಿಗೆ ಎರಡು ಬೀಜ. ಹರಿವೆ ಬೀಜ ಸಣ್ಣದು, ಒಣ ಮರಳಿನ ಜೊತೆ ಉದುರಿಸಿ. ಇರುವೆ ಹೊತ್ತೊಯ್ಯುತ್ತದೆ, ಅದಕ್ಕೆ ಒಂದು ಮುಷ್ಟಿ ಅಕ್ಕಿ ತರಿ ಸೇರಿಸಿ, ಇರುವೆ ತರಿಯ ಹಿಂದೆ ಹೋಗುತ್ತದೆ. ಹೀರೆ, ಹಾಗಲವನ್ನು ಹಾಲಿನ ಖಾಲಿ ತೊಟ್ಟೆಗೆ (ಪ್ಲಾಸ್ಟಿಕ್ ಚೀಲ) ಅಡಿಯಲ್ಲಿ ತೂತು ಮಾಡಿ, ಮಣ್ಣು ತುಂಬಿ ಹಾಕಿಡಿ. ಮಳೆ ಹಿಡಿದ ಮೇಲೆ ಚಪ್ಪರದ ಬುಡಕ್ಕೆ ಇಳಿಸಿದರಾಯಿತು.

ಬಿತ್ತಿದ ಮರುದಿನವೇ ಮಗು ಬೀಜ ಕೆದಕಿ ನೋಡುತ್ತದೆ. ಬೈಯಬೇಡಿ, ಅದು ತಪ್ಪಲ್ಲ. ಒಂದು ಗಾಜಿನ ಲೋಟದ ಒಳಬದಿಗೆ ಒದ್ದೆ ಬಟ್ಟೆ ಒತ್ತಿ, ಬಟ್ಟೆಗೂ ಗಾಜಿಗೂ ನಡುವೆ ನಾಲ್ಕು ಬೆಂಡೆ ಬೀಜ ಇಟ್ಟು ಕಿಟಕಿಯಲ್ಲಿಡಿ. ಕೆಳಗೆ ಬಿಳಿ ಬೇರು ಇಳಿಯುವುದು, ಬೆನ್ನು ಬಾಗಿಸಿಕೊಂಡು ದಂಟು ಏಳುವುದು, ಬೀಜದ ಸಿಪ್ಪೆ ಎಲೆಯ ತುದಿಗೆ ಅಂಟಿಕೊಂಡೇ ಮೇಲೆ ಬರುವುದು ಎಲ್ಲ ಕಾಣುತ್ತದೆ. "ಅಮ್ಮಾ, ಟೊಪ್ಪಿ ಹಾಕಿದೆ!" ಎಂದು ಕೂಗಿದ ಮೇಲೆ ನಮ್ಮ ಮಗಳು ಸಾಲಿಗೆ ಕೈ ಹಾಕಲಿಲ್ಲ, ಅಲ್ಲಿ ಟೊಪ್ಪಿ ಬರುವುದನ್ನೇ ಕಾದಳು.

ನೀರು ಹಾಕಲು ಚೆಂಬು ಕೊಟ್ಟರೆ ಬೀಜ ಕೊಚ್ಚಿಹೋಗುತ್ತದೆ. ಬಾಟಲಿಯ ಮುಚ್ಚಳಕ್ಕೆ ಮೊಳೆ ಕಾಯಿಸಿ ನೀವೇ ಏಳೆಂಟು ತೂತು ಮಾಡಿ ಕೊಡಿ. ಬಾವಿ ಬತ್ತುವ ದಿನಗಳು, ಅಕ್ಕಿ ತೊಳೆದ ನೀರನ್ನು ಚೆಲ್ಲಬೇಡಿ, ಅದನ್ನೇ ಹಾಕಿ.

ಮಳೆ ಶುರುವಾದ ಮೇಲೆ ಮಗುವಿನ ಕೆಲಸ ಬದಲಾಗುತ್ತದೆ. ಬರಿಗಾಲಲ್ಲಿ ನಿಂತ ನೀರಿಗೆ ಇಳಿಸಬೇಡಿ, ಇಲಿಜ್ವರದ ಕಾಲ, ಕಾಲಲ್ಲಿ ಗಾಯ ಇದ್ದರಂತೂ ಬೇಡವೇ ಬೇಡ. ಮಳೆ ಬಿಟ್ಟ ಹೊತ್ತಿಗೆ ಹಿತ್ತಿಲು ಸುತ್ತಿ ಗೆರಟೆ, ಡಬ್ಬ, ಪಾಟಿನ ತಟ್ಟೆ ಎಲ್ಲವನ್ನೂ ಕವುಚಿ ಹಾಕುವುದು ಮಗು, ಹಿಂದೆ ನೀವು. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುವುದು ಅಂಥ ನೀರಿನಲ್ಲೇ. ರಾತ್ರಿ ಟಾರ್ಚ್ ಹಿಡಿದು ದೊಡ್ಡ ಬಸವನಹುಳು ಹುಡುಕುವಾಗ ಮಗು ಬೆಳಕು ಹಿಡಿಯಲಿ, ಹೆಕ್ಕುವುದು ನೀವು, ಕೈಗೆ ತೊಟ್ಟೆ ಸುತ್ತಿಕೊಂಡು. ಉಪ್ಪು ಹಾಕುವುದಾದರೆ ಬಾಲ್ದಿಯೊಳಗೆ ಹಾಕಿ, ಸಾಲಿನ ಮಣ್ಣಿಗೆ ಸುರಿದರೆ ಗಿಡವೂ ಹೋಗುತ್ತದೆ.

ಹರಿವೆ ಮೂರು-ನಾಲ್ಕು ವಾರದಲ್ಲಿ ಪಲ್ಯಕ್ಕೆ ಬರುತ್ತದೆ. ಬೆಂಡೆ ಜುಲೈ ನಡುವಿಗೆ ಕೈಗೆ ಬರುತ್ತದೆ, ತುಳುವರ ಆಟಿ ತಿಂಗಳ ಹೊಸ್ತಿಲಲ್ಲಿ. ಗಿಡದ ರೋಮ ತುರಿಸುತ್ತದೆ, ತುಂಬು ತೋಳಿನ ಅಂಗಿ ಹಾಕಿಸಿ. ತುದಿ ಮುರಿದಾಗ ಟಕ್ಕೆಂದರೆ ಎಳೆಯದು. ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತದೆ. ಒಳ್ಳೆಯ ಗಿಡ ಒಂದನ್ನು ನೋಡಿ ಬಣ್ಣದ ದಾರ ಕಟ್ಟಿಸಿ, ಮಳೆ ಕಡಿಮೆಯಾದ ಮೇಲೆ ಅದರಲ್ಲಿ ಬಿಡುವ ಕಾಯಿಗಳನ್ನು ಬೀಜಕ್ಕೆ ಬಿಡಿ.